ಬಾಲಯೇಸುವಿಗೊಂದು ಸುತ್ತುಬಟ್ಟೆ

ಡಿಸೆಂಬರ್ ಇಪ್ಪತ್ತನಾಲ್ಕು, ಬೆಳಿಗ್ಗೆ ಏಳೂವರೆ. ಸ್ಥಳ, ನೆಲ್ಯಹುದಿಕೇರಿ ಹತ್ತಿರ ದಿಣ್ಣೆಯ ಮೇಲಿರುವ ನಮ್ಮ ಚಿಕ್ಕ ಚರ್ಚು. ಹಾಜರಿದ್ದವರು ಮಂಗಳೂರು ಕಡೆಯಿಂದ ಬಂದ ನಮ್ಮ ಫಾದರ್, ಪ್ರತಿ ವರ್ಷ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟುವ ತ್ರೇಸ್ಯಮ್ಮ, ಮತ್ತು ನಾನು. ನಾನು ಹೆರಿಗೆ ವಾರ್ಡಿನಲ್ಲಿ ಬಾಳು ಸವೆಸಿ ಮೇಟ್ರನ್ ಆಗಿ ನಿವೃತ್ತಳಾದವಳು. ಪಾಳಿ ಬದಲಾಗುವಾಗ ದಿನಾಂಕ, ಹೊತ್ತು, ಹಾಜರಿದ್ದವರನ್ನು ಹೇಳಿಯೇ ಮಾತು ಶುರುಮಾಡುತ್ತಿದ್ದ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಮೊಮ್ಮಕ್ಕಳಿಗೆ ಕಥೆ ಹೇಳುವಾಗಲೂ ಹಾಗೆಯೇ. ಬೇಗ ನಿದ್ದೆ ಹೋಗುತ್ತಾರೆ.

ವಿಷಯ, ಗೋದಲಿಯಲ್ಲಿ ಮಲಗಿದ ಪ್ಲಾಸ್ಟರಿನ ಬಾಲಯೇಸು. ಹೊಂಬಣ್ಣದ ಗುಂಗುರು ಕೂದಲು, ನೀಲಿ ಕಣ್ಣು. ಸೊಂಟದ ತುಂಡು ಬಟ್ಟೆ ಬಿಟ್ಟರೆ ಬರಿಮೈ. ಎರಡೂ ಕೈ ಅಗಲಿಸಿ ಹುಲ್ಲಿನ ಮೇಲೆ ಮಲಗಿದೆ, ಸುತ್ತ ಹತ್ತಿಯ ಹಿಮ.

ಕೂದಲು, ಕಣ್ಣಿನ ಬಗ್ಗೆ ನನ್ನ ತಕರಾರಿಲ್ಲ. ಚಿತ್ರ ಬರೆಯುವವರು ಎಲ್ಲ ಕಾಲದಲ್ಲೂ ಪಕ್ಕದ ಮನೆಯವರನ್ನು ನೋಡಿಯೇ ಬರೆದಿದ್ದಾರೆ. ಇಟಲಿಯವನು ಮರಿಯಮ್ಮನಿಗೆ ತನ್ನ ಬೀದಿಯ ಹೆಣ್ಣಿನ ಮುಖ ಕೊಟ್ಟ. ಅವನಿಗಿಂತ ಉತ್ತರದವನು ಬೆತ್ಲೆಹೇಮಿನ ಮೇಲೆ ತನ್ನೂರಿನ ಹಿಮ ಸುರಿಸಿದ. ಬೈಬಲಿನ ಶುಭಸಂದೇಶದ ಗೋದಲಿಯಲ್ಲಿ ಎತ್ತಿಲ್ಲ, ಕತ್ತೆಯೂ ಇಲ್ಲ. ಜ್ಞಾನಿಗಳು ಬಂದರೆಂದಿದೆಯೇ ಹೊರತು ಮೂವರೆಂದಾಗಲಿ ರಾಜರೆಂದಾಗಲಿ ಹೇಳಿಲ್ಲ. ನಾವೇನು ಕಡಿಮೆ? ಕಾಫಿ ಗಿಡದ ಬೊಡ್ಡೆಗಳನ್ನು ಬೆಟ್ಟ ಮಾಡಿದ್ದೇವೆ. ತ್ರೇಸ್ಯಮ್ಮ ಒಬ್ಬ ಕುರುಬನ ತಲೆಗೆ ಮಳೆಗೆಂದು ಪುಟ್ಟ ಗೊರಬು ಹೆಣೆದು ಹಾಕಿದ್ದಾರೆ. ಒಂದೇ ಗುಡಿಸಲಿನ ಎದುರು ಯುರೋಪಿನ ಹಿಮ, ಕೊಡಗಿನ ಮಳೆಗಾಲ. ಇದೆಲ್ಲವನ್ನೂ ಸಹಿಸಿಕೊಂಡೇ ಬಂದಿದ್ದೇನೆ.

ಸಹಿಸಲಾಗದ್ದು ಆ ಬರಿಮೈ. ಈಗ ತಾನೇ ಹುಟ್ಟಿದ ಮಗುವನ್ನು ಡಿಸೆಂಬರ್ ಚಳಿಯಲ್ಲಿ ಹೀಗೆ ಮಲಗಿಸಿದವರು ನನ್ನ ಕೈಕೆಳಗಿದ್ದಿದ್ದರೆ ಸಂಜೆಯೊಳಗೆ ಬೇರೆ ವಾರ್ಡು ನೋಡಬೇಕಾಗುತ್ತಿತ್ತು. ಚರಿತ್ರೆಯೂ ನನ್ನ ಪಕ್ಷವೇ. ತಾಯಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದಳೆಂದು ಶುಭಸಂದೇಶದಲ್ಲೇ ಇದೆ. ಬಹಳ ಹಿಂದಿನ ಚಿತ್ರಗಳಲ್ಲಿ ಮಗು ರೇಷ್ಮೆಗೂಡಿನಂತೆ ಸುತ್ತಿಸಿಕೊಂಡು ಮಲಗಿರುತ್ತಿತ್ತು. ಆಮೇಲೆ ಬಂದ ಚಿತ್ರಕಾರರಿಗೆ ಕೆನ್ನೆ, ತೊಡೆ, ಹೊಟ್ಟೆಯ ಮಡಿಕೆ ಬರೆಯುವ ಆಸೆ, ಬಿಚ್ಚಿಬಿಟ್ಟರು. ಅವರ ಮನೆಗಳಲ್ಲಿ ಸೂಲಗಿತ್ತಿಯರು ಇದ್ದಿರಲಿಕ್ಕಿಲ್ಲ.

"ಈ ವರ್ಷ ಸುತ್ತಿಬಿಡೋಣ," ಎಂದೆ. ಫಾದರ್ ತಲೆಯಾಡಿಸಿದರು.

"ಸುತ್ತಿದ್ರೆ ಕಾಲೆಲ್ಲಿ ಮೇಟ್ರನಮ್ಮ?" ಎಂದರು ತ್ರೇಸ್ಯಮ್ಮ. "ಜನ ಮುತ್ತು ಕೊಡೋದು ಎಲ್ಲಿಗೆ?"

ಅದು ನಿಜ. ಕ್ರಿಸ್ಮಸ್ ಬಲಿಪೂಜೆ ಮುಗಿದ ಮೇಲೆ ಫಾದರ್ ಮಗುವನ್ನು ಎತ್ತಿ ಹಿಡಿಯುತ್ತಾರೆ, ಊರವರು ಸಾಲಾಗಿ ಬಂದು ಪಾದಕ್ಕೆ ಮುತ್ತಿಡುತ್ತಾರೆ.

"ಹಣೆಗೆ ಕೊಡಲಿ."

"ಹಣೆ ಅಮ್ಮಂದು. ನಮ್ದು ಕಾಲು. ಈ ಆಪರೇಶನ್ ಮಂಡಿ ಇಟ್ಕೊಂಡು ಸಂಜೆ ಮತ್ತೆ ದಿಣ್ಣೆ ಹತ್ತೋದು ಉಣ್ಣೀಶೋನ ಕಾಲಿಗೆ ಅಂತ." ಅವರ ಮಲಯಾಳದಲ್ಲಿ ಬಾಲಯೇಸುವಿನ ಮುದ್ದಿನ ಹೆಸರು ಅದು. "ಕಾಲಿಲ್ಲಾಂದ್ರೆ ನಾನು ಮನೇಲೇ ಇರ್ತೀನಿ. ನೀವು ನಿಮ್ಮ ಹಿಸ್ಟರಿಗೇ ಮುತ್ತು ಕೊಟ್ಕೊಳ್ಳಿ."

ಫಾದರ್ ನನ್ನನ್ನು ನೋಡಿದರು, ಅವರನ್ನು ನೋಡಿದರು. "ನಕ್ಷತ್ರದ ಲೈಟ್ ಉರೀತದಾ ನೋಡಿ ಬರ್ತೇನೆ," ಎಂದು ಹಾಡುಹಗಲಲ್ಲಿ ಹೊರಗೆ ಹೋದರು.

ತ್ರೇಸ್ಯಮ್ಮ ಬಾರದ ಕ್ರಿಸ್ಮಸ್ ನಮ್ಮ ಚರ್ಚಿನಲ್ಲಿ ನಡೆದದ್ದೇ ಇಲ್ಲ. ಮಗುವನ್ನು ಬರಿಮೈ ಬಿಟ್ಟು ಹೋಗಲು ನನ್ನಿಂದಾಗದು. ಏನು ಮಾಡುವುದೆಂದು ತಲೆ ಯೋಚಿಸುತ್ತಿರುವಾಗಲೇ ಕೈಗೆ ನೆನಪಾಯಿತು. ವಾರ್ಡಿನಲ್ಲಿ ಮಗುವನ್ನು ಎಷ್ಟೇ ಬೆಚ್ಚಗೆ ಸುತ್ತಿದರೂ ಆಗಾಗ ಪಾದ ಹೊರತೆಗೆದು ಮುಟ್ಟಿ ನೋಡುತ್ತಿದ್ದೆವು. ಪಾದ ತಣ್ಣಗಿದ್ದರೆ ಮಗುವಿಗೆ ಚಳಿ, ಬೆಚ್ಚಗಿದ್ದರೆ ಕ್ಷೇಮ. ಅದಕ್ಕೇ ಕೆಳಗಿನ ಮಡಿಕೆಯನ್ನು ಕೊನೆಗೆ ಬಿಗಿಯುವುದು.

ಮನೆಯಿಂದಲೇ ತಂದಿದ್ದ, ಒಗೆದೊಗೆದು ಮೆತ್ತಗಾದ ನನ್ನ ಬಿಳಿ ಸೀರೆಯ ತುಂಡು ಹಾಸಿದೆ. ಪ್ಲಾಸ್ಟರಿನ ಕೈಗಳು ಮಡಚಲು ಒಪ್ಪಲಿಲ್ಲ. ಒಪ್ಪದ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೈಗಳ ಮೇಲೆಯೇ ಬಟ್ಟೆ ಎಳೆದೆ. ಮಗು ಸ್ವಲ್ಪ ಅಗಲವಾಯಿತು. ಕೆಳಮಡಿಕೆ ಬಿಟ್ಟು ಒಂದು ಪಾದ ಹೊರಗೆ ತೆಗೆದಿಟ್ಟೆ.

ತ್ರೇಸ್ಯಮ್ಮ ಬಗ್ಗಿ, ಆ ಕಡೆಯಿಂದ, ಈ ಕಡೆಯಿಂದ ಪರೀಕ್ಷೆ ಮಾಡಿದರು. "ಒಂದೇ ಕಾಲಾ?"

"ನಿಮಗೆ ತುಟಿ ಎಷ್ಟು ಜೊತೆ ಇದೆ?"

ನಕ್ಕರು. ಅಲ್ಲಿಗೆ ನಾನು ಗೆದ್ದೆ. ಅವರೂ ಗೆದ್ದರು, ಅದನ್ನು ಅವರು ಇಡೀ ಊರಿಗೆ ನನಗಿಂತ ಮೊದಲೇ ಹೇಳಿದರು.

ಸಂಜೆ ಬಲಿಪೂಜೆಯ ನಂತರ ಸಾಲು ಬಾಗಿಲಾಚೆಗೂ ಇತ್ತು. ಒಬ್ಬೊಬ್ಬರೂ ಬಟ್ಟೆಯನ್ನು ನೋಡಿ ಒಂದು ಗಳಿಗೆ ನಿಂತು, ಮನೆಯ ಮಗುವಿಗೆ ಬಗ್ಗಿದಂತೆ ಮೆಲ್ಲಗೆ ಬಗ್ಗಿದರು. ಕೋಲೂರಿಕೊಂಡು ಕೊನೆಗೆ ಬಂದವರು ತ್ರೇಸ್ಯಮ್ಮ. ಮುತ್ತಿಟ್ಟು, ನನ್ನ ಕಡೆ ತಿರುಗಿ ಹೇಳಿದರು: "ಈ ಸಲ ಕಾಲು ಬೆಚ್ಚಗಿದೆ ಮೇಟ್ರನಮ್ಮ."

ಅಷ್ಟು ಜನರ ತುಟಿ ತಾಗಿದ ಪ್ಲಾಸ್ಟರು ಬೆಚ್ಚಗಾಗದೆ ಇರುತ್ತದೆಯೇ? ಆದರೆ ಆ ವರದಿ ಬಂದ ಮೇಲೆ ಕಾರಣ ಹುಡುಕುವ ಪದ್ಧತಿ ನಮ್ಮ ವಾರ್ಡಿನಲ್ಲಿ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಪಾದ ಒರೆಸಿ, ಒಳಗೆ ಸೇರಿಸಿ, ಕೆಳಮಡಿಕೆ ಬಿಗಿದು ಮಲಗಿಸಿದೆ. ಚರಿತ್ರೆ ಸರಿಯಾಯಿತು, ಮಗು ಕ್ಷೇಮ. ದಿನದ ಕೆಲಸ ಮುಗಿಯಿತು.