ಭುಜಂಗಣ್ಣನ ಸಮಾನತೆ

2003ನೇ ಇಸವಿ, ನನಗಾಗ ನಲವತ್ತೊಂದು ವರ್ಷ. ತಾಲೂಕು ಪಂಚಾಯತಿ ಸದಸ್ಯ ಭುಜಂಗಣ್ಣ ವೇದಿಕೆಯ ಮೇಲೆ ಸಮಾನತೆಯ ಮಾತೆತ್ತಿದೊಡನೆ ಅಳುತ್ತಿದ್ದ. ನಟನೆಯಲ್ಲ, ನಿಜವಾದ ಕಣ್ಣೀರು. ಶಿರೂರಿನ ಕಡೆ ಕನ್ನಡ ಮಾಸ್ತರನಾಗಿದ್ದ ನಾನು ಅವನ ಭಾಷಣಗಳನ್ನು ತಿದ್ದಿಕೊಡುತ್ತಿದ್ದೆ. ನಾನು ಸೇರಿಸಿದ ವಾಕ್ಯವೊಂದಕ್ಕೆ ಅವನು ಅತ್ತಾಗ ಹೆಮ್ಮೆಪಟ್ಟಿದ್ದೆನೆಂದು ಬರೆಯಲು ಈಗ ಹೇಸಿಗೆಯಾಗುತ್ತದೆ.

ಮೀನು ಮಾರುವ ಹೆಂಗಸರನ್ನು ಅವನು ಬುಟ್ಟಿ ಸಮೇತ ಜೀಪಿಗೆ ಹತ್ತಿಸಿಕೊಳ್ಳುತ್ತಿದ್ದ. “ರಕ್ತ ಎಲ್ರದ್ದೂ ಕೆಂಪೇ ಅಲ್ದಾ ಮಾಷ್ಟ್ರೇ?” ಎಂಬುದು ಅವನ ಮಾಮೂಲು ಮಾತು.

ಆ ಡಿಸೆಂಬರಿನಲ್ಲಿ ಅವನ ಮನೆತನದ ಕಂಬಳ. ಊರು ಹೊರಗಿಟ್ಟಿದ್ದ ಕೊರಗ ಸಮುದಾಯದವರು ಬಂದು ಡೋಲು ಬಾರಿಸಿ, ಉಂಡವರು ಬಿಟ್ಟ ಅನ್ನ ಪಡೆದು ಹೋಗುವುದು ಹಳೆಯ ಕಟ್ಟುಪಾಡು. ಕಾನೂನು ಅದನ್ನು ನಿಷೇಧಿಸಿ ಮೂರು ವರ್ಷವಾಗಿತ್ತು. ನಿಷೇಧವನ್ನು ಸ್ವಾಗತಿಸಿ ಅವನು ಮಾಡಿದ ಭಾಷಣವೂ ನನ್ನದೇ. ಈಗ ಬಂದು, ಆಮಂತ್ರಣದಲ್ಲಿ ‘ಜಾನಪದ ಡೋಲು ಪ್ರದರ್ಶನ’ ಎಂದು ಸೇರಿಸಿಕೊಡಿ ಎಂದ. ಸೇರಿಸಿಕೊಟ್ಟೆ.

ಬಾರಿಸಬೇಕಾಗಿದ್ದವನು ಬುಟ್ಟಿ ಹೆಣೆಯುವ ಕೊರಗರ ಬಾಬು, ನನ್ನ ಹಳೆಯ ವಿದ್ಯಾರ್ಥಿ. ಅವನು ಒಲ್ಲೆನೆಂದ. ಅವನ ಮನೆಯಡಿಯ ಐದು ಸೆಂಟ್ಸ್ ಜಾಗದ ಹಕ್ಕುಪತ್ರದ ಅರ್ಜಿ ಭುಜಂಗಣ್ಣನಿದ್ದ ಸಮಿತಿಯ ಮುಂದಿತ್ತು. ಕಂಬಳ ಮುಗಿದ ಮೇಲೆ ಅದು ಅಲ್ಲಿಂದ ಅಲುಗಲಿಲ್ಲ. ನಾನು ವಿಚಾರಿಸಲು ಹೋದಾಗ ಭುಜಂಗಣ್ಣ ವೀಳ್ಯದೆಲೆಗೆ ಸುಣ್ಣ ಸವರುತ್ತ, ಪಾಠ ಹೇಳುವವನಂತೆ ಹೇಳಿದ:

“ಡೋಲು ಬಾರ್ಸುಕೆ ನಾಚ್ಕಿ ಅಂಬವ್ನಿಗೆ ಜಾಗ ಎಂತಕೆ ಮಾಷ್ಟ್ರೇ? ಸಮಾನತೆ ಅಂದ್ರೆ ಅವರವರ ಕೆಲ್ಸ ಅವರವ್ರು ಮಾಡುದ್.”

ಅವನ ಮುಖದಲ್ಲಿ ಕಪಟದ ಗೆರೆಯೊಂದೂ ಇರಲಿಲ್ಲ. ಅವನು ಅದನ್ನು ನಂಬಿದ್ದ.

ದಾರಿಯಲ್ಲಿ ಬಾಬು ಸಿಕ್ಕಿದ. ಬಯ್ಯಲಿಲ್ಲ, ಅಂಗಿಯ ಜೇಬಿನಿಂದ ಮಡಚಿದ ಆಮಂತ್ರಣ ತೆಗೆದು ತೋರಿಸಿದ.

“ಇದ್ ನೀವ್ ಬರ್ದದ್ದಲ್ದಾ ಮಾಷ್ಟ್ರೇ? ಚಂದ ಇತ್ತ್. ಒಂದೂ ತಪ್ಪಿಲ್ಲೆ.”

ಮನೆಗೆ ಬಂದು ಕುಂದಾಪುರದ ಉಪವಿಭಾಗಾಧಿಕಾರಿಗಳಿಗೆ ದೂರು ಬರೆದೆ. ಆಮಂತ್ರಣವನ್ನು ಲಗತ್ತಿಸಿ, ಒಕ್ಕಣೆ ನನ್ನದೆಂದೂ ಕಾಣಿಸಿದೆ. ವಿಚಾರಣೆ ನಡೆಯಿತು; ಅರ್ಜಿ ಸಮಿತಿಯಿಂದ ಹೊರಬಂತು. ಭುಜಂಗಣ್ಣ ನಮ್ಮ ಮನೆಗೆ ಮತ್ತೆ ಕಾಲಿಡಲಿಲ್ಲ.

ಅವನನ್ನು ಕಡೆಯದಾಗಿ ಕಂಡದ್ದು ತಾಲೂಕು ಕಚೇರಿಯಲ್ಲಿ, ಬಾಬುವಿಗೆ ಹಕ್ಕುಪತ್ರ ಕೊಡುವ ದಿನ. ಫೋಟೊದವನನ್ನು ಕರೆತಂದಿದ್ದ. ಮೇಜಿನ ಮೇಲಿದ್ದ ಹಕ್ಕುಪತ್ರವನ್ನೆತ್ತಿ, ನಗುತ್ತ ಬಾಬುವಿನತ್ತ ಚಾಚಿದ. ಬಾಬು ಕೈ ನೀಡಲಿಲ್ಲ.

“ಅದನ್ನ್ ಅಲ್ಲೇ ಇಡಿ. ನಾನ್ ಸಹಿ ಮಾಡಿ ತಕಂತೆ.”

ಭುಜಂಗಣ್ಣ ಇಟ್ಟ. ಬಾಬು ಗುಮಾಸ್ತರ ಪುಸ್ತಕದಲ್ಲಿ ಸಹಿ ಹಾಕಿ, ಅದರ ಪಕ್ಕದಲ್ಲಿ ತಾನೇ ತಾರೀಖು ಬರೆದ: 14 ಜೂನ್ 2004.