ಅತ್ತೆಯ ದನಿ ಹುಡುಕಿದ ಟೇಪಕ್ಕ

ಬೀದಿಯವರೆಲ್ಲ ಅವರನ್ನು ಟೇಪಕ್ಕ ಎನ್ನುತ್ತಾರೆ. ಔಷಧದಂಗಡಿಯ ಮೇಲಿನ ಒಂದೇ ಕೋಣೆ ಅವರ ಕಾರ್ಯಸ್ಥಳ. ಕಿಟಕಿಯ ಬದಿಗೆ ಹಳೆಯ ವಿಡಿಯೊ ಪ್ಲೇಯರುಗಳು, ಗೋಡೆಯ ಮೊಳೆಗಳಿಗೆ ಸುತ್ತಿ ತೂಗುಹಾಕಿದ ಕೇಬಲ್ಲುಗಳು, ನಡುವೆ ಕಂಪ್ಯೂಟರು. ಜನರು ತರುವ ಕ್ಯಾಸೆಟ್ಟುಗಳನ್ನು ಫೋನಿನಲ್ಲಿ ನೋಡಬಹುದಾದ ಫೈಲುಗಳಾಗಿ ಇಳಿಸಿಕೊಡುವುದು ಅವರ ಕಸುಬು. ಗುಂಡಿಗಳಿರುವ ತಂತ್ರಾಂಶ ಅವರಿಗೆ ಒಗ್ಗದು; ಕಪ್ಪು ಪರದೆಯ ಮೇಲೆ ಕಮಾಂಡುಗಳನ್ನು ಬರೆದೇ ಕೆಲಸ ಮಾಡುತ್ತಾರೆ. "ಗುಂಡಿ ಒತ್ತಿದರೆ ಎಲ್ಲಿ ತಪ್ಪಾಯ್ತು ಅಂತ ಹೇಳಲ್ಲ. ಇದು ಬೈದಾದರೂ ಹೇಳುತ್ತೆ" ಎಂಬುದು ಅವರ ಸಮರ್ಥನೆ.

ಒಮ್ಮೆ ಮಾತ್ರ ಅದು ಬೈಯಲಿಲ್ಲ.

ನಿವೃತ್ತ ಬಸ್ ಕಂಡಕ್ಟರರೊಬ್ಬರು ಕ್ಯಾಸೆಟ್ಟೊಂದನ್ನು ತಂದಿದ್ದರು. ಅವರ ಅತ್ತೆ ಅಡುಗೆಮನೆಯಲ್ಲಿ ಕುಳಿತು ಮಾತಾಡುತ್ತಿರುವುದನ್ನು ಭಾವಮೈದುನ ಚಿತ್ರಿಸಿದ್ದ. ಅತ್ತೆ ತೀರಿಕೊಂಡಿದ್ದರು, ಕಂಡಕ್ಟರರ ಹೆಂಡತಿ ದೃಷ್ಟಿ ಕಳೆದುಕೊಂಡಿದ್ದರು. ಆಕೆಗೆ ಬೇಕಾಗಿದ್ದುದು ತಾಯಿಯ ದನಿಯೊಂದೇ. ಅದು ಬೇರೆಲ್ಲೂ ಉಳಿದಿರಲಿಲ್ಲ. ಸವೆದ ಟೇಪು ಒಮ್ಮೆ ಓಡಿ ಮುಗಿಯುವಷ್ಟರಲ್ಲಿ ಅದರ ಲೇಪವೆಲ್ಲ ಉದುರಿಹೋಗಿ, ಕಂಪ್ಯೂಟರಿನ ಫೈಲೇ ಗತಿಯಾಯಿತು. ಟೇಪಕ್ಕ ಹೆಡ್‌ಫೋನ್ ಹಾಕಿಕೊಂಡು ಒಂದಿಷ್ಟು ಕೇಳಿ, ಸರಿಯಿದೆ ಎಂದು ಫೈಲನ್ನು ಕಂಡಕ್ಟರರ ಫೋನಿಗೆ ಹಾಕಿ ಕಳುಹಿಸಿದರು.

ಮರುದಿನವೇ ಕಂಡಕ್ಟರರು ಮೆಟ್ಟಿಲು ಹತ್ತಿ ಬಂದರು.

"ನೋಡಮ್ಮ, ಪಾತ್ರೆ ಸದ್ದಿದೆ, ನಲ್ಲಿ ಸದ್ದಿದೆ. ಅತ್ತೆ ಬಾಯಿ ಆಡಿಸ್ತಾರೆ, ಮಾತೇ ಇಲ್ಲ."

"ನಾನೇ ಕೇಳಿ ಕೊಟ್ಟಿದ್ದೀನಿ ಯಜಮಾನ್ರೇ. ನಿಮ್ಮ ಫೋನಿಗೆ ವಯಸ್ಸಾಗಿರಬೇಕು."

"ನನಗೂ ಆಗಿದೆ. ಮಾತಾಡ್ತಿಲ್ವಾ?"

ಟೇಪಕ್ಕ ಫೈಲನ್ನು ಬೇರೆ ನಮೂನೆಗೆ ಬದಲಿಸಿದರು, ದನಿಯ ಮಟ್ಟ ಏರಿಸಿದರು. ಕಪ್ಪು ಪರದೆ ಯಾವ ದೋಷವನ್ನೂ ತೋರಲಿಲ್ಲ. ಫೋನಿನಲ್ಲಿ ಮಾತ್ರ ಅದೇ ಪಾತ್ರೆ, ಅದೇ ನಲ್ಲಿ. ಮುಂದಿನ ಸಲ ಕಂಡಕ್ಟರರು ಹೆಂಡತಿಯ ಕೈಹಿಡಿದು ಕರೆತಂದರು. ಆಕೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು:

"ನಮ್ಮ ಮನೆ ಇದೆ ಕಣಮ್ಮ. ಅಮ್ಮ ಮಾತ್ರ ಇಲ್ಲ."

ಟೇಪಕ್ಕ ಹೆಡ್‌ಫೋನನ್ನು ಆಕೆಯ ಕಿವಿಗೆ ಹಾಕಿ ಫೈಲನ್ನು ಓಡಿಸಿದರು. ಆಕೆಯ ಮುಖ ಸಡಿಲಗೊಂಡು ತುಟಿಯಲ್ಲಿ ನಗು ಮೂಡಿತು.

"ಏನಂತಾರೆ?" ಎಂದರು ಕಂಡಕ್ಟರರು.

"ಆಮೇಲೆ ಕೇಳೋರಂತೆ." ಸ್ವಲ್ಪ ಹೊತ್ತಿಗೆ ಆಕೆ ಹುಬ್ಬು ಗಂಟಿಕ್ಕಿದರು. "ಪಾತ್ರೆ ಎಡಗಡೆ ಇದೆ, ನಲ್ಲಿ ಬಲಗಡೆ ಇದೆ. ಅಮ್ಮ ಎಲ್ಲಿದ್ದಾಳೆ ಅಂತಲೇ ತಿಳಿಯಲ್ಲ. ತಲೆ ಹಿಂದೆ ನಿಂತು ಮಾತಾಡಿದ ಹಾಗಿದೆ. ಎದುರಿಗೆ ಬರಲ್ವಾ?"

ಆಗ ಟೇಪಕ್ಕನಿಗೆ ಹೊಳೆಯಿತು. ಅವರು ಎಡಬಲಗಳ ದನಿಯನ್ನು ಎರಡು ಫೈಲುಗಳಾಗಿ ಬೇರ್ಪಡಿಸಿದರು. ಎರಡರಲ್ಲೂ ಅತ್ತೆ ಮಾತಾಡುತ್ತಿದ್ದರು. ಕೂಡಿಸಿದೊಡನೆ ಮಾಯವಾದರು.

"ಓರಗಿತ್ತಿಯರ ಹಾಗೆ," ಎಂದರು ಟೇಪಕ್ಕ. "ಬೇರೆಬೇರೆ ಕೇಳಿದರೆ ಇಬ್ಬರದೂ ಒಂದೇ ಮಾತು. ಒಟ್ಟಿಗೆ ಕೂರಿಸಿದರೆ ಒಬ್ಬರನ್ನೊಬ್ಬರು ಅಳಿಸಿಹಾಕ್ತಾರೆ."

ಒಂದು ಬದಿಯ ದನಿಯ ಅಲೆ ತಲೆಕೆಳಗಾಗಿ ದಾಖಲಾಗಿತ್ತು; ಒಂದರ ಏರು ಇನ್ನೊಂದರ ಇಳಿವು. ಒಂದೇ ಸ್ಪೀಕರಿನ ಫೋನು ಎರಡೂ ಬದಿಗಳನ್ನು ಕೂಡಿಸುತ್ತಿದ್ದುದರಿಂದ, ನಡುವೆ ಕುಳಿತವರ ದನಿ ಎರಡು ಕಡೆಯಿಂದಲೂ ಸಮನಾಗಿ ಬಂದು ಸೊನ್ನೆಯಾಗುತ್ತಿತ್ತು; ಒಂದೊಂದು ಬದಿಗಿದ್ದ ಪಾತ್ರೆ, ನಲ್ಲಿಗಳ ಸದ್ದು ಮಾತ್ರ ಉಳಿಯುತ್ತಿತ್ತು. ಮೊಳೆಯಿಂದ ಕೇಬಲ್ಲನ್ನು ತೆಗೆದು ಬಿಚ್ಚಿದಾಗ ಕಾರಣವೂ ಸಿಕ್ಕಿತು. ತಾವೇ ಬೆಸುಗೆ ಹಾಕುವಾಗ ಒಂದು ಬದಿಯ ಎರಡು ತಂತಿಗಳು ಅದಲುಬದಲಾಗಿದ್ದವು. ಆ ಕೇಬಲ್ಲಿನಿಂದ ಇಳಿಸಿದ್ದ ಇತರರ ಫೈಲುಗಳನ್ನೂ ಮುಂದೆ ಅವರು ಆಯಾ ಜನರನ್ನು ಕರೆದು ಕರೆದು ಸರಿಪಡಿಸಿಕೊಟ್ಟರು.

ಅಂದು ಒಂದು ಬದಿಯನ್ನು ಮಗುಚುವ ಒಂದೇ ಸಾಲಿನ ಕಮಾಂಡು ಸಾಕಾಯಿತು. ಫೋನನ್ನು ಮೇಜಿನ ಮೇಲಿಟ್ಟರು. ಪಾತ್ರೆಗಳ ನಡುವಿನಿಂದ ಅತ್ತೆಯ ದನಿ ನೆಟ್ಟಗೆ ಬಂತು:

"ನಿನ್ನ ಗಂಡ ಬಸ್ಸಲ್ಲಿ ಎಲ್ಲರಿಗೂ ಮುಂದೆ ಹೋಗಿ, ಮುಂದೆ ಹೋಗಿ ಅಂತಾನೆ. ಮನೇಲಿ ಮಾತ್ರ ಕೂತ ಜಾಗ ಬಿಟ್ಟು ಏಳಲ್ಲ."

ಕಂಡಕ್ಟರರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಇದನ್ನು ಕೇಳೋಕೆ ಇಷ್ಟು ಸಲ ಮೆಟ್ಟಿಲು ಹತ್ತಿದೆನಾ?"

ದನಿ ಬಂದ ಕಡೆಗೆ ಹೆಂಡತಿ ಮುಖ ತಿರುಗಿಸಿದ್ದರು.

"ಸುಮ್ನಿರಿ," ಎಂದರು. "ಅಮ್ಮ ಮಾತಾಡ್ತಿದ್ದಾಳೆ."