ಮಾವ ಹಗ್ಗ ಬಿಡಲಿಲ್ಲ

ಬೆಳಿಗ್ಗೆ ಅಂಗಡಿಯ ಶಟರನ್ನು ಅರ್ಧಕ್ಕೆ ಎತ್ತಿ, ಗಿರಾಕಿಗಳು ಬರುವ ಮೊದಲೇ ಗಾಳಿಯಣ್ಣ ಟಯರುಗಳಿಗೆ ಹಾಯಿದೋಣಿಯ ಪಾಠ ಶುರು ಮಾಡುತ್ತಿದ್ದ. ಸ್ಕೂಟರಿನ ಟಯರುಗಳು ಮುಂದೆ, ಕಾರಿನವು ಅದರ ಹಿಂದೆ, ಗೋಡೆಗೆ ಒರಗಿದ ಲಾರಿ ಟಯರುಗಳು ಕೊನೆಯ ಬೆಂಚಿನ ಪುಂಡರು. ತಾನು ಸ್ಟೂಲಿನ ಮೇಲೆ ಕೂತು, ಕಸಪೊರಕೆಯ ಕೋಲನ್ನು ಚುಕ್ಕಾಣಿಯ ಹಿಡಿ ಎಂದುಕೊಂಡು ಒಂದು ಕೈಯಲ್ಲಿ ಹಿಡಿಯುತ್ತಿದ್ದ. ಇನ್ನೊಂದು ಕೈಯಲ್ಲಿ ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ, ಅದು ಹಾಯಿಯ ಹಗ್ಗ.

ಗಾಳಿ ಎಲ್ಲಿಂದ ಬೀಸುತ್ತಿದೆ ಎಂದು ಕಂಡುಹಿಡಿಯುವುದು, ದೋಣಿಯಲ್ಲಿ ಎಲ್ಲಿ ಕೂರಬೇಕು, ತಿರುಗುವಾಗ ತಲೆ ಹೇಗೆ ತಗ್ಗಿಸಬೇಕು, ಇದೆಲ್ಲ ಸಲೀಸಾಗಿ ಬಾಯಿಗೆ ಬರುತ್ತಿತ್ತು. ಆಮೇಲೆ ಒಂದು ಮಾತು ಇತ್ತು. ಹಾಯಿದೋಣಿಗೆ ಮೊದಲ ಸಲ ಹತ್ತಿದವರಿಗೆ ಯಾವ ಮೇಷ್ಟ್ರೇ ಆದರೂ ಹೇಳಲೇಬೇಕಾದ ಮಾತು: ಹೆದರಿಕೆ ಆದರೆ ಹಗ್ಗ ಬಿಟ್ಟುಬಿಡಿ, ಹಾಯಿ ಗಾಳಿಯನ್ನು ಚೆಲ್ಲಿಬಿಡುತ್ತದೆ, ದೋಣಿ ತಾನಾಗಿ ನಿಲ್ಲುತ್ತದೆ. ಅಲ್ಲಿಗೆ ಬಂದಾಗ ಗಾಳಿಯಣ್ಣ ಕೆಮ್ಮುತ್ತಿದ್ದ. ಎದ್ದು ಶಟರನ್ನು ಪೂರ್ತಿ ಮೇಲಕ್ಕೆ ತಳ್ಳುತ್ತಿದ್ದ. ಪಾಠ ಅಲ್ಲಿಗೇ ಮುಗಿಯುತ್ತಿತ್ತು.

ಟಯರಿಗೆ ಗಾಳಿ ತುಂಬುವವನಾದ್ದರಿಂದ ಬೀದಿಯವರು ಇಟ್ಟ ಹೆಸರು ಗಾಳಿಯಣ್ಣ. ಹಳೇ ಟಯರುಗಳನ್ನು ಜಲಾಶಯದ ದಂಡೆಯ ಹಾಯಿದೋಣಿ ಕ್ಲಬ್ಬಿಗೆ ಕೊಡಲು ಹೋದವನು, ದೋಣಿಗಳು ಕಟ್ಟೆಗೆ ಬಡಿಯದಂತೆ ಅವನ್ನು ನೇತುಹಾಕಿ ಕೊಟ್ಟು, ಆ ಕೆಲಸ ಮುಗಿದ ಮೇಲೂ ಅಲ್ಲೇ ಕೂತಿದ್ದ. ಎಂಜಿನ್ ಇಲ್ಲದೆ, ಸದ್ದಿಲ್ಲದೆ ಹೋಗುವ ಗಾಡಿಯನ್ನು ಅವನು ಅಲ್ಲಿಯ ತನಕ ಕಂಡಿರಲಿಲ್ಲ. ಮುಂದಿನ ರಜೆಯಿಂದಲೇ ಕಲಿಯಲು ಸೇರಿದ. ಅವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ನೀರಿನ ಮೇಲೆ ಒಬ್ಬನೇ ಇದ್ದಾಗ ಯಾರ ಮೇಲೆ ಸಿಟ್ಟು ಮಾಡುವುದು? ಗಾಳಿಯ ಮೇಲೆ ರೇಗಿದರೆ ಅದು ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿಂದ ಮನೆಗೆ ಬಂದ ಸಂಜೆಗಳಲ್ಲಿ ಅವನು ಮನುಷ್ಯನಂತೆ ಇರುತ್ತಾನೆ ಎಂದು ಹೆಂಡತಿಯೇ ಹೇಳುತ್ತಿದ್ದಳು.

ಈಗ ಲಾರಿ ಟಯರು ಎತ್ತಲು ಸೊಂಟ ಬಗ್ಗುತ್ತಿರಲಿಲ್ಲ. ಕಲಿಸುವವರ ತರಬೇತಿ ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಅದನ್ನು ಮುಗಿಸಿದರೆ ಕ್ಲಬ್ಬಿನಲ್ಲೇ ಕೆಲಸ ಸಿಗುವಂತಿತ್ತು. ಸೊಂಟದ ಮಾತು ಎಲ್ಲರಿಗೂ ಹೇಳುತ್ತಿದ್ದ. ಯಾರಿಗೂ ಹೇಳದ ಇನ್ನೊಂದು ಆಸೆಯಿತ್ತು. ಶಾಲೆಯಲ್ಲಿ ಇದ್ದಷ್ಟು ದಿನ ಅವನ ಹೆಸರು ಕಪ್ಪು ಹಲಗೆಯ ಮೇಲೆ ಬಂದದ್ದೆಲ್ಲ ಗಲಾಟೆ ಮಾಡಿದವರ ಸಾಲಿನಲ್ಲಿ. ಒಂದು ಸಲವಾದರೂ ಹಲಗೆಯ ಪಕ್ಕ ಸೀಮೆಸುಣ್ಣ ಹಿಡಿದು ನಿಲ್ಲಬೇಕು, ಯಾರಾದರೂ ಮೇಷ್ಟ್ರೇ ಎಂದು ಕರೆಯಬೇಕು. ಆದರೆ ಆ ತರಬೇತಿಗೆ ಕ್ಲಬ್ಬಿನ ಕೋಚ್ ಮೇಡಂ ಹೆಸರು ಸೂಚಿಸದೆ ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ.

ಮೇಡಂ ಅವನ ಹೆಸರನ್ನು ಸೂಚಿಸಿಯೂ ಆಗಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ನೀರಿಗೆ ಬಿದ್ದವರನ್ನು ದೋಣಿ ತಿರುಗಿಸಿ ತಂದು ಮೇಲೆತ್ತುವ ಅಭ್ಯಾಸವನ್ನು ಒಬ್ಬರೇ ಮಾಡಲಾಗುವುದಿಲ್ಲ. ಮುಂದೆ ಕೂತು ಚಿಕ್ಕ ಹಾಯಿಯ ಹಗ್ಗ ಹಿಡಿಯಲು ಇನ್ನೊಬ್ಬರು ಬೇಕು. ಹೆಂಡತಿ ನೀರು ಕಂಡರೆ ಮಾರು ದೂರ. ಕ್ಲಬ್ಬಿನವರು ಒಂದು ಸಲ ಇವನ ಜತೆ ಕೂತರೆ ಇನ್ನೊಂದು ಸಲ ತಲೆನೋವು, ಹೊಟ್ಟೆನೋವು ಎನ್ನುತ್ತಿದ್ದರು. ಒಪ್ಪಿಕೊಂಡವರು ಮಾವ, ಹೆಂಡತಿಯ ಅಪ್ಪ. ಮನೆಯ ಹಿಂದಿನ ಶೆಡ್ಡಿನಲ್ಲಿ ಮರಗೆಲಸ ಮಾಡುವ ಬಡಗಿ. ವಯಸ್ಸಾಗಿದ್ದರೂ ಈಜು ಬರುತ್ತಿತ್ತು, ತೋಳಿನಲ್ಲಿ ಕಸುವಿತ್ತು. ಮರದ ಸಾಮಾನು ಮಾಡಿ ಮಾಡಿ ಸಾಕಾಗಿದೆ, ಒಂದರಲ್ಲಿ ಕೂತು ತಿರುಗಾಡಿಯೂ ನೋಡೋಣ ಎಂದು ಬಂದಿದ್ದರು. ದೋಣಿ ಫೈಬರಿನದು ಎಂದು ಗೊತ್ತಾದಾಗ, ಹಾಗಾದರೆ ಮುಳುಗಿದರೂ ನನ್ನ ತಪ್ಪೇನೂ ಇಲ್ಲ ಬಿಡು ಎಂದು ನಕ್ಕಿದ್ದರು.

ಅವತ್ತು ಗಾಳಿ ಬಿಟ್ಟು ಬಿಟ್ಟು ಜೋರಾಗಿ ಬೀಸುತ್ತಿತ್ತು. ಬಿದ್ದ ಮನುಷ್ಯನ ಬದಲಿಗೆ ಒಂದು ಪ್ಲಾಸ್ಟಿಕ್ ಕ್ಯಾನನ್ನು ನೀರಿಗೆ ಎಸೆದಿದ್ದ. ದೂರ ಹೋಗಿ, ತಿರುಗಿ, ಅದರ ಪಕ್ಕಕ್ಕೆ ದೋಣಿ ತಂದು ನಿಲ್ಲಿಸಬೇಕು. ಮೊದಲೆರಡು ಸಲವೂ ಗಾಳಿ ಸ್ವಲ್ಪ ಎಳೆದೊಡನೆ ಮಾವ ಹಗ್ಗ ಬಿಟ್ಟರು. ದೋಣಿ ಕ್ಯಾನಿನ ಹತ್ತಿರ ಬರುವ ಮೊದಲೇ ನಿಂತುಹೋಯಿತು. ದಂಡೆಯಲ್ಲಿ ಮೇಡಂ ನೋಡುತ್ತಿದ್ದರು. ಗಾಳಿಯಣ್ಣನ ಕಿವಿ ಬಿಸಿಯಾಯಿತು.

"ನಾನು ಹೇಳೋವರೆಗೂ ಹಗ್ಗ ಬಿಡಬೇಡಿ ಮಾವ," ಎಂದು ಕಿರುಚಿದ. "ಪ್ರಾಣ ಹೋದ್ರೂ ಬಿಡಬೇಡಿ. ಅಷ್ಟು ಹಿಡ್ಕೊಳ್ಳೋಕೂ ಆಗಲ್ವಾ ನಿಮ್ಮ ಕೈಲಿ?"

ಮಾವ ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡರು. ಅದು ಮಾಡಬಾರದ ಕೆಲಸ, ಗಾಳಿ ಎಳೆದರೆ ಹಗ್ಗ ಕೈಯನ್ನೇ ಕೊಯ್ಯುತ್ತದೆ. ಗಾಳಿಯಣ್ಣ ಅದನ್ನು ಕಂಡ. ಕಂಡರೂ, ಈ ಸಲವಾದರೂ ಬಿಡುವುದಿಲ್ಲವಲ್ಲ ಎಂದು ಸುಮ್ಮನಾದ.

ತಿರುಗುವ ಹೊತ್ತಿಗೆ ಗಾಳಿ ಒಮ್ಮೆಲೇ ಬಡಿಯಿತು. ಗಾಳಿಯಣ್ಣ ತನ್ನ ದೊಡ್ಡ ಹಾಯಿ, ತನ್ನ ಚುಕ್ಕಾಣಿ ನೋಡಿಕೊಳ್ಳುವುದರಲ್ಲಿ ಮುಳುಗಿದ್ದ. ಬಿಡಿ ಎಂದು ಹೇಳುವುದು ಮರೆತೇ ಹೋಯಿತು. ಚಿಕ್ಕ ಹಾಯಿ ತಪ್ಪು ಮಗ್ಗುಲಿನಲ್ಲಿ ಗಾಳಿ ತುಂಬಿಕೊಂಡು ಉಬ್ಬಿತು. ದೋಣಿ ವಾಲಿತು, ಇನ್ನೂ ವಾಲಿತು, ಮಗುಚಿಕೊಂಡಿತು. ಮಾವ ಹಗ್ಗ ಬಿಡಲಿಲ್ಲ.

ಅದಾದ ಮೇಲೆ ಅವನು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಈಜಿಕೊಂಡು ದೋಣಿಯ ತಳಕ್ಕೆ ಹೋದ, ತಳದ ನಡುವಿನಿಂದ ಈಗ ನೀರಿನ ಹೊರಗೆ ಚಾಚಿಕೊಂಡಿದ್ದ ನಡುಹಲಗೆಯ ಮೇಲೆ ನಿಂತ, ಮೈಭಾರ ಹಾಕಿ ದೋಣಿಯನ್ನು ಎಬ್ಬಿಸಿದ. ಎದ್ದ ದೋಣಿ ಮಾವನನ್ನೂ ತನ್ನೊಳಗೆ ಮೊಗೆದುಕೊಂಡೇ ಎದ್ದಿತು. ಸಹಾಯದ ಬೋಟಿನಲ್ಲಿ ಧಾವಿಸಿ ಬಂದ ಮೇಡಂಗೆ ಮಾಡಲು ಏನೂ ಉಳಿದಿರಲಿಲ್ಲ. ಇಷ್ಟು ನೀಟಾಗಿ ಎಬ್ಬಿಸಿದ್ದನ್ನು ಈ ವರ್ಷ ನೋಡಿಲ್ಲ ಎಂದರು. ಆಮೇಲೆ ಮಾವನ ಕೈ ಕಂಡಿತು. ಅಂಗೈಯ ಚರ್ಮ ಸುಲಿದು ಸುರುಳಿಯಾಗಿತ್ತು, ಎರಡು ಬೆರಳು ಆಗಲೇ ಊದತೊಡಗಿದ್ದವು.

"ಅಯ್ಯೋ, ಯಜಮಾನರು ಯಾಕೆ ಹಗ್ಗ ಬಿಡಲಿಲ್ಲ?" ಎಂದು ಮೇಡಂ ಕೇಳಿದರು.

ಗಾಳಿಯಣ್ಣನ ನಾಲಿಗೆ ಅವನಿಗಿಂತ ಮುಂದೆ ಓಡಿತು. "ಗಾಬರಿ ಬಿದ್ರು ಮೇಡಂ. ವಯಸ್ಸಾಯ್ತಲ್ಲ."

ಮಾವ ಎದುರಿಗೇ ಕೂತಿದ್ದರು. ಮೈಯಿಂದ ನೀರು ಸೋರುತ್ತಿತ್ತು. ಅಳಿಯನ ಮುಖ ಒಮ್ಮೆ ನೋಡಿ, ಮೇಡಂ ಕಡೆ ತಿರುಗಿ, ಹೂಂ ಎಂದು ತಲೆಯಾಡಿಸಿದರು.

ಆ ತಲೆಯಾಡಿಸಿದ್ದನ್ನು ನಂಬಿಯೇ ಮೇಡಂ ಗಾಳಿಯಣ್ಣನ ಹೆಸರನ್ನು ತರಬೇತಿಗೆ ಸೂಚಿಸಿದರು. ಮನೆಯಲ್ಲಿ ಮಗಳ ಮುಂದೆ ಮಾವ ಇನ್ನೊಂದು ಕಥೆ ಕಟ್ಟಿದರು. ಕಟ್ಟೆಯ ಮೇಲೆ ಪಾಚಿ ಇತ್ತಂತೆ, ಕಾಲು ಜಾರಿತಂತೆ, ಕೈ ಊರಿದರಂತೆ. ಅವಳು ಅಪ್ಪನಿಗೆ ಬ್ಯಾಂಡೇಜು ಬದಲಾಯಿಸುವಾಗೆಲ್ಲ ಗಾಳಿಯಣ್ಣನಿಗೆ ಹೊರಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಊಟದ ಮೇಜಿನಲ್ಲಿ ಮಾವ ಎಡಗೈಯಲ್ಲಿ ಚಮಚ ಹಿಡಿದು, ತಟ್ಟೆಯ ಅಂಚಿನವರೆಗೆ ಅನ್ನವನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಿದ್ದರು. ಇವನು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಕ್ಲಬ್ಬಿನಲ್ಲಿ ಮಾತ್ರ, ಯಾರಾದರೂ ಕೇಳಿದರೆ, ನಮ್ಮ ಮಾವ ಹಗ್ಗವನ್ನು ಆಸ್ತಿಪತ್ರ ಹಿಡಿದ ಹಾಗೆ ಹಿಡಿದುಬಿಟ್ಟರು ಎಂದು ತಾನೇ ನಗಿಸುತ್ತಿದ್ದ. ನಗಿಸಿದ ಮೇಲೆ ಶೌಚಾಲಯಕ್ಕೆ ಹೋಗಿ ಸುಮ್ಮನೆ ಕೈ ತೊಳೆದುಕೊಂಡು ಬರುತ್ತಿದ್ದ.

ತರಬೇತಿಗೆ ಹೋಗುವ ಮೊದಲು, ಹೆಸರು ಸೂಚಿಸಿದವರೆಲ್ಲ ಕ್ಲಬ್ಬಿನ ಕೋಣೆಯಲ್ಲಿ ಒಂದೊಂದು ಪಾಠ ಮಾಡಿ ತೋರಿಸಬೇಕಿತ್ತು. ಮೇಡಂ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಮುಂದಿನ ಕುರ್ಚಿಗಳಲ್ಲಿ ಉಳಿದ ಅಭ್ಯರ್ಥಿಗಳು. ಅವರಲ್ಲಿ ಒಬ್ಬರು ಶಾಲೆಯೊಂದರ ಆಟದ ಮೇಷ್ಟ್ರು, ಕೊರಳಲ್ಲಿ ಸೀಟಿ ಇಲ್ಲದೆಯೂ ಸೀಟಿ ಊದುವಂತೆ ಮಾತಾಡುವವರು. ಗಾಳಿಯಣ್ಣನ ಕೈಗೆ ಸೀಮೆಸುಣ್ಣ ಬಂತು. ಹಲಗೆಯ ಮೇಲೆ ಗಾಳಿಗೊಂದು ಬಾಣ, ದೋಣಿಗೊಂದು ಎಲೆಯಂಥ ಆಕಾರ ಬರೆದ. ಇಷ್ಟು ವರ್ಷ ಕಾದಿದ್ದ ಗಳಿಗೆ. ಎಲ್ಲಿ ಕೂರಬೇಕು ಎಂದು ಹೇಳಿದ, ತಲೆ ಎಲ್ಲಿ ತಗ್ಗಿಸಬೇಕು ಎಂದು ಹೇಳಿದ. ಟಯರುಗಳಿಗಿಂತ ಇವರು ಚೆನ್ನಾಗಿ ಕೇಳುತ್ತಿದ್ದರು.

"ಹೆದರಿಕೆ ಆದ್ರೆ..." ಎಂದು ನಿಂತ.

ಆಟದ ಮೇಷ್ಟ್ರು ಅವನಿಗೆ ಸಹಾಯ ಮಾಡಲೆಂದೇ ಬಾಯಿ ಹಾಕಿದರು. "ಹೆದರಿಕೆ ಆದ್ರೆ ನಿಮ್ಮ ಮಾವನ ಥರ ಹಿಡ್ಕೋಬೇಡಿ, ಬಿಟ್ಬಿಡಿ. ಅಷ್ಟೇ ತಾನೆ?"

ಎಲ್ಲರೂ ನಕ್ಕರು. ಅದು ಗಾಳಿಯಣ್ಣನದೇ ತಮಾಷೆ, ಅವನೇ ಹಂಚಿದ್ದು. ಆದರೂ ಅವನ ತಲೆಗೆ ರಕ್ತ ನುಗ್ಗಿತು. ಸೀಮೆಸುಣ್ಣ ಬೆರಳ ನಡುವೆ ಮುರಿಯಿತು.

"ನಮ್ಮ ಮಾವನ ಸುದ್ದಿ ಎತ್ತಬೇಡಿ," ಎಂದು ಗುಡುಗಿದ. "ಅವರಿಗೆ ಬಿಡೋದು ಗೊತ್ತಿತ್ತು. ಎರಡು ಸಲ ಬಿಟ್ಟಿದ್ರು. ಬಿಡಬೇಡಿ ಅಂತ ಕಿರುಚಿದವನು ನಾನು. ಕೈಗೆ ಸುತ್ಕೊಂಡಿದ್ದನ್ನೂ ನೋಡ್ದೆ, ನೋಡಿ ಸುಮ್ನಿದ್ದೆ. ನಗೋದಾದ್ರೆ ನನ್ನ ನೋಡಿ ನಗಿ."

ಯಾರೂ ನಗಲಿಲ್ಲ. ಆಟದ ಮೇಷ್ಟ್ರು ತಮ್ಮ ಬೂಟಿನ ದಾರ ನೋಡಿಕೊಂಡರು. ಸಿಟ್ಟು ಬಂದಷ್ಟೇ ಬೇಗ ಇಳಿದುಹೋಯಿತು. ಏನು ಹೇಳಿಬಿಟ್ಟೆ ಎಂಬುದು ಗಾಳಿಯಣ್ಣನಿಗೆ ಆಮೇಲೆ ನಿಧಾನವಾಗಿ ತಲೆಗೆ ಹತ್ತಿತು. ಪಾಠ ಮುಗಿಸಲೋ ಬೇಡವೋ ತಿಳಿಯದೆ, ಹಲಗೆಯನ್ನು ಅಂಗಿಯ ತೋಳಿನಿಂದಲೇ ಒರೆಸಿದ.

ಎಲ್ಲರೂ ಹೋದ ಮೇಲೆ ಮೇಡಂ ಅವನನ್ನು ದೋಣಿಗಳನ್ನು ಇಡುವ ಕೊಟ್ಟಿಗೆಯ ಪಕ್ಕಕ್ಕೆ ಕರೆದುಕೊಂಡು ಹೋದರು. ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವರು. ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ.

"ಅಣ್ಣ, ಸಿಟ್ಟಲ್ಲಿ ಕಿರುಚಿದ್ದು ಒಂದು ಕಡೆ ಇರಲಿ," ಎಂದರು. "ಅದನ್ನ ತಿದ್ದಬಹುದು, ತರಬೇತಿ ಇರೋದೇ ಅದಕ್ಕೆ. ಆದ್ರೆ ನಾನು ಅವತ್ತು ಕೇಳಿದಾಗ ನೀವು ತಪ್ಪನ್ನ ಅವರ ಮೇಲೆ ಹಾಕಿದ್ರಿ. ನಾಳೆ ನಿಮ್ಮ ದೋಣೀಲಿ ಯಾರದೋ ಮಗು ಕೂತಿರುತ್ತೆ. ಅದಕ್ಕೆ ಪೆಟ್ಟಾದ್ರೆ ನೀವು ನನಗೆ ಹೇಳೋದನ್ನ ನಾನು ನಂಬಬೇಕಲ್ಲ."

ಹೆಸರನ್ನು ಈ ವರ್ಷಕ್ಕೆ ಹಿಂದೆ ತೆಗೆದುಕೊಳ್ಳುತ್ತೇನೆ ಎಂದು ಮೇಡಂ ಹೇಳಿದರು. ಮುಂದಿನ ವರ್ಷದ ಮಾತು ಮುಂದಿನ ವರ್ಷ. ಬೇಜಾರು ಮಾಡಿಕೊಳ್ಳಬೇಡಿ ಎಂದೂ ಸೇರಿಸಿದರು. ಬೇಜಾರು ಮಾಡಿಕೊಳ್ಳುವ ಹಕ್ಕಾದರೂ ತನಗೆಲ್ಲಿದೆ ಎಂದು ಅವನಿಗೆ ಅನಿಸಿತು. ದಾರಿಯುದ್ದಕ್ಕೂ ಮೈ ಹಗುರವಾಗಬಹುದೆಂದು ಕಾದ. ನಿಜ ಹೇಳಿದರೆ ಹಗುರವಾಗುತ್ತದೆ ಎನ್ನುತ್ತಾರಲ್ಲ. ಏನೂ ಆಗಲಿಲ್ಲ. ತರಬೇತಿ ಮಾತ್ರ ಹೋಯಿತು.

ಮನೆಯಲ್ಲಿ ಹೆಂಡತಿ ಕಿಟಕಿಯ ಬೆಳಕಿನಲ್ಲಿ ಅಪ್ಪನ ಕೈಗೆ ಮುಲಾಮು ಹಚ್ಚುತ್ತಿದ್ದಳು. ಈ ಸಲ ಗಾಳಿಯಣ್ಣನಿಗೆ ಹೊರಗೆ ಯಾವ ಕೆಲಸವೂ ನೆನಪಾಗಲಿಲ್ಲ. ಬಾಗಿಲಲ್ಲೇ ನಿಂತು, ಜಾರಿದ್ದು ಸುಳ್ಳು ಎಂದು ಶುರುಮಾಡಿ ಎಲ್ಲ ಹೇಳಿದ. ದೋಣಿಯಲ್ಲಿ ಏನಾಯಿತು, ಮೇಡಂ ಮುಂದೆ ಏನು ಹೇಳಿದ, ಇವತ್ತು ಏನಾಯಿತು.

ಮೊದಲು ರೇಗಿದವರು ಮಾವ. "ನನ್ನ ಒಂದು ಮಾತು ಕೇಳದೆ ಹೇಳಿಬಿಟ್ಯಾ ಅಳಿಯಪ್ಪ? ಇಷ್ಟು ದಿನ ನಾನು ಮುಚ್ಚಿಟ್ಟಿದ್ದು ಯಾತಕ್ಕೆ ಮತ್ತೆ? ಕೈಯೂ ಹೋಯ್ತು, ನಿನ್ನ ಕೆಲಸಾನೂ ಹೋಯ್ತು. ಒಂದಾದ್ರೂ ಉಳೀಲಿ ಅಂತಿದ್ದೆ."

ಹೆಂಡತಿ ಗಂಡನ ಕಡೆ ನೋಡಲೇ ಇಲ್ಲ. ಮುಲಾಮಿನ ಬೆರಳು ಗಾಳಿಯಲ್ಲೇ ನಿಂತಿತ್ತು. "ಅಪ್ಪ, ಕೈ ಸುಲೀತಾ ಇತ್ತಲ್ಲ. ಆವಾಗಾದ್ರೂ ಬಿಡಬಾರದಿತ್ತಾ?"

"ಬಿಟ್ಟಿದ್ರೆ ಬಯ್ತಿದ್ದ," ಎಂದರು ಮಾವ.

ದೂರುವ ದನಿಯಲ್ಲ. ಮೋಡ ಆಗಿದೆ, ಛತ್ರಿ ತಗೋ ಎನ್ನುವಷ್ಟು ಸಾಧಾರಣವಾಗಿ ಹೇಳಿದರು. ಅವಳು ಹತ್ತಿಬಟ್ಟೆಯನ್ನು ಮತ್ತೆ ಸುತ್ತತೊಡಗಿದಳು. ಆ ಉತ್ತರ ಅವಳಿಗೆ ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ಗಾಳಿಯಣ್ಣನಿಗೆ ಮಾತ್ರ. ಅಂಗಡಿಯ ಕೆಲಸದವರು, ಕ್ಲಬ್ಬಿನವರು ತನಗೆ ಹೆದರುತ್ತಾರೆಂದು ಅವನು ಬಲ್ಲ, ಅದರಲ್ಲಿ ಒಂದು ಗತ್ತೂ ಇತ್ತು. ಈ ಮನೆಯೊಳಗೂ ಅದೇ ಲೆಕ್ಕದಲ್ಲಿ ದಿನ ನಡೆಯುತ್ತಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಬಯ್ಯುತ್ತಿದ್ದ.

ಮರುದಿನ ಅಂಗಡಿ ತೆರೆಯುವ ಮೊದಲು ಅವನು ಹಿಂದಿನ ಶೆಡ್ಡಿಗೆ ಹೋದ. ಕ್ಷೌರದಂಗಡಿಯವನು ಮಕ್ಕಳನ್ನು ಕೂರಿಸಲು ಒಂದು ಎತ್ತರದ ಪೀಠ ಕೇಳಿದ್ದ, ಅದು ಅರ್ಧಕ್ಕೇ ನಿಂತಿತ್ತು. ನಾನು ಮಾಡುತ್ತೇನೆ, ನೀವು ಕೂತು ಹೇಳಿ ಎಂದ. ಮಾವ ಗಡ್ಡ ಕೆರೆದುಕೊಂಡರು. ಟಯರ್ ಬಿಚ್ಚಿದಂತಲ್ಲ ಇದು ಎಂದರು. ಆದರೂ ಸ್ಟೂಲು ಎಳೆದುಕೊಂಡು ಕೂತರು.

ಹಲಗೆಯ ಅಂಚು ನಯ ಮಾಡಬೇಕಿತ್ತು. ಉಜ್ಜುಗೊರಡನ್ನು ಎಲ್ಲಿ ಹಿಡಿಯಬೇಕು, ಭಾರ ಯಾವ ಕೈ ಮೇಲೆ ಹಾಕಬೇಕು, ಎಲ್ಲ ಮಾವ ಬಾಯಲ್ಲೇ ಹೇಳಿದರು. ನಾಲ್ಕೈದು ಸಲ ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಬಂತು. ಗಾಳಿಯಣ್ಣನಿಗೆ ಹುರುಪು ಬಂದು ಜೋರಾಗಿ ತಳ್ಳಿದ. ಮರದ ಎಳೆಗೆ ಎದುರಾಗಿ ಹೋಗಿ ಅಂಚು ಸೀಳಿತು, ಒಂದು ಚೂರು ಹಾರಿ ಮಾವನ ಕಾಲ ಬಳಿ ಬಿತ್ತು.

ಗಾಳಿಯಣ್ಣ ಹೆಗಲು ಬಿಗಿಹಿಡಿದು ನಿಂತ. ಮಾವನ ಜಾಗದಲ್ಲಿ ತಾನಿದ್ದಿದ್ದರೆ ಇಷ್ಟಕ್ಕೆ ಬೀದಿ ತುದಿಗೆ ಕೇಳುವಂತೆ ಕೂಗಾಡುತ್ತಿದ್ದ.

ಮಾವನ ಬಲಗೈ ಅಭ್ಯಾಸದಿಂದ ಉಜ್ಜುಗೊರಡಿನತ್ತ ಚಾಚಿತು. ಬ್ಯಾಂಡೇಜು ಕಂಡು ಅಲ್ಲೇ ನಿಂತು, ಮತ್ತೆ ತೊಡೆಯ ಮೇಲೆ ಹೋಗಿ ಕೂತಿತು.

"ಹಲಗೆ ತಿರುಗಿಸಿಡು," ಎಂದರು. "ಆ ಕಡೆಯಿಂದ ಬಾ. ನಿಧಾನ ಆದ್ರೂ ಪರವಾಗಿಲ್ಲ."

ಅವನು ಹಲಗೆಯನ್ನು ತಿರುಗಿಸಿಟ್ಟ. ಕಣ್ಣು ಮಂಜಾಗಿ ಅಂಚು ಸರಿಯಾಗಿ ಕಾಣುತ್ತಿರಲಿಲ್ಲ. ತಲೆ ಎತ್ತದೆ, ಎಲ್ಲಿಂದ ಶುರು ಮಾಡಲಿ ಮಾವ ಎಂದು ಕೇಳಿದ.